ಚೊಂಬು, ಮಗ್ಗು ಮತ್ತು ಯುರೋಪು

ಪಾಸ್‌ಪೋರ್ಟು, ವೀಸಾ, ಹೋಟೆಲ್ ಬುಕಿಂಗು, ರೈಲಿನ ಟಿಕೆಟ್ಟು. ಎಲ್ಲವನ್ನೂ ಮೂರು ಮೂರು ಕಾಪಿ ತೆಗೆಸಿ ಫೈಲಿಗೆ ಹಾಕಿದ್ದರು ನಮ್ಮನೆಯವರು. ಹೊರಡುವ ಹಿಂದಿನ ರಾತ್ರಿ ಅತ್ತೆ ಬಂದು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಚೊಂಬು ಇರುತ್ತೇನೋ?"

"ಅಮ್ಮ, ಅದು ಯುರೋಪು. ಎಲ್ಲಾ ಇರುತ್ತೆ."

"ಪೇಪರ್ ಇರುತ್ತೆ. ನಂಗೊತ್ತು."

ಹಾಗಾಗಿ ನಮ್ಮ ಸಾಮಾನಿಗೆ ಎರಡು ಐಟಂ ಸೇರಿದವು. ಒಂದು ಸ್ಟೀಲ್ ಚೊಂಬು, ಕುಡಿಯುವ ನೀರಿಗೆ. ಇನ್ನೊಂದು ಕೆಂಪು ಪ್ಲಾಸ್ಟಿಕ್ ಮಗ್ಗು, ಅದಕ್ಕೆ. ಒಂದಕ್ಕೊಂದು ತಾಗಬಾರದು ಅಂತ ಬೇರೆ ಬೇರೆ ಸೂಟ್‌ಕೇಸಿನಲ್ಲಿ ಇಟ್ಟರು. ಒಂದು ಡಬ್ಬಿ ತುಪ್ಪವೂ ಇತ್ತು. ಹೊರಗಿನಿಂದ ಹಾಲಿನ ಪದಾರ್ಥ ತರಬಾರದು ಅಂತ ಅಲ್ಲಿ ನಿಯಮ ಇದೆ ಅಂತ ಇವರು ಅದನ್ನು ತೆಗೆದು ಫ್ರಿಜ್ಜಿನಲ್ಲಿಟ್ಟರು. ಅತ್ತೆ ಆ ತುಪ್ಪವನ್ನು ಮರೆಯಲಿಲ್ಲ. ಅದು ಆಮೇಲೆ ಬರುತ್ತೆ.

ವೀಸಾದ್ದೇ ಒಂದು ಕತೆ. ದೊಡ್ಡವರಿಗೆ ತಲೆಗೆ 90 ಯುರೋ ಫೀಸು. ಜೊತೆಗೆ ಕನಿಷ್ಠ 30,000 ಯುರೋ ಕವರ್ ಇರುವ ಇನ್ಶೂರೆನ್ಸು. ಹತ್ತು ವರ್ಷದ ನಮ್ಮ ಮಗ ಪುಟ್ಟನಿಗೆ ಬೆರಳಚ್ಚು ಬೇಡ, ಹನ್ನೆರಡರ ಕೆಳಗಿನವರಿಗೆ ವಿನಾಯಿತಿ. ಅತ್ತೆಯದು ಬೇಕು, ಆದರೆ ಬರುತ್ತಿಲ್ಲ. ನಲವತ್ತೈದು ವರ್ಷ ಪಾತ್ರೆ ತಿಕ್ಕಿದ ಬೆರಳು, ಗೆರೆಗಳೆಲ್ಲ ಸವೆದು ಹೋಗಿವೆ. ಒರೆಸಿ, ಒತ್ತಿ, ಮತ್ತೆ ಒರೆಸಿ, ಆರನೇ ಸಲಕ್ಕೆ ಮೆಷಿನ್ನು ಸೋತು ಒಪ್ಪಿಕೊಂಡಿತು. "ಆಧಾರ್ ಮಾಡ್ಸುವಾಗ್ಲೂ ಹಿಂಗೇ ಆಯ್ತು" ಅಂದರು ಅತ್ತೆ, ಪದಕ ಗೆದ್ದವರ ಹಾಗೆ.

ಪ್ಯಾರಿಸ್ಸಿನಲ್ಲಿ ಇಳಿದದ್ದು ಜೂನ್ ತಿಂಗಳಲ್ಲಿ. ಅತ್ತೆಗೆ ದೀಪ ಹಚ್ಚುವ ಹೊತ್ತಿನ ಲೆಕ್ಕವೇ ತಪ್ಪಿಹೋಯಿತು. ಏಳಾಯಿತು, ಎಂಟಾಯಿತು, ಒಂಬತ್ತೂವರೆಯಾದರೂ ಸೂರ್ಯ ಮೇಲೇ ಇದ್ದಾನೆ. "ಇವನಿಗೆ ಮನೆ ಮಠ ಇಲ್ವಾ?" ಅಂತ ಕಿಟಕಿಯಲ್ಲೇ ಕಾದು ಕೂತರು. ಕೊನೆಗೆ ಹತ್ತು ಗಂಟೆಗೆ ಮೊಬೈಲಿನಲ್ಲಿ ದೀಪದ ಚಿತ್ರ ಹಾಕಿ ಕೈ ಮುಗಿದು ಊಟಕ್ಕೆ ಬಂದರು.

ಮರುದಿನ ಮೆಟ್ರೋ. ನಾವು ನಮ್ಮ ಮೆಟ್ರೋದಲ್ಲಿ ಓಡಾಡಿದವರು, ಹಾಗಾಗಿ ಧೈರ್ಯ ಜಾಸ್ತಿ. ಇಳಿಯುವ ಸ್ಟೇಷನ್ ಬಂತು. ನಾಲ್ಕೂ ಜನ ಬಾಗಿಲ ಮುಂದೆ ಸಾಲಾಗಿ ನಿಂತೆವು. ರೈಲು ನಿಂತಿತು. ಬಾಗಿಲು ತೆರೆಯಲಿಲ್ಲ. ಕೆಟ್ಟಿರಬೇಕು ಅಂತ ಇವರು ಗಂಭೀರವಾಗಿ ತಲೆಯಾಡಿಸಿದರು. ರೈಲು ಹೊರಟಿತು. ಮುಂದಿನ ಸ್ಟೇಷನ್ನಿನಲ್ಲೂ ಹೀಗೇ. ಮೂರನೆಯದರಲ್ಲಿ ಒಬ್ಬ ಅಜ್ಜ ನಮ್ಮ ನಡುವೆ ಕೈ ತೂರಿಸಿ, ಬಾಗಿಲ ಮೇಲಿದ್ದ ಪುಟ್ಟ ಚಿಲಕವನ್ನು ಟಕ್ ಅಂತ ಎತ್ತಿದ. ಬಾಗಿಲು ತೆರೆಯಿತು. ಹಳೇ ಲೈನುಗಳ ಕೆಲವು ರೈಲಿನಲ್ಲಿ ನಾವೇ ತೆಗೆದುಕೊಳ್ಳಬೇಕಂತೆ. ಅಲ್ಲೇ ಡ್ರೈವರೇ ಇಲ್ಲದೆ ಓಡುವ ಲೈನುಗಳೂ ಇವೆ. ಡ್ರೈವರ್ ಬೇಡ, ಆದರೆ ಚಿಲಕ ಬೇಕು! ಅಜ್ಜ ಇಳಿಯುವಾಗ ನಮ್ಮನ್ನು ನೋಡಿ ಏನೋ ಅಂದ. ಫ್ರೆಂಚಾದರೂ ಅರ್ಥವಾಯಿತು.

ಮಧ್ಯಾಹ್ನ ಹೋಟೆಲಿನಲ್ಲಿ "ವಾಟರ್" ಅಂದೆವು. ಚೆಂದದ ಗಾಜಿನ ಬಾಟಲಿ ಬಂತು. ಅತ್ತೆ ಚೊಂಬಿಗೆ ಬಗ್ಗಿಸಿಕೊಂಡು ಎತ್ತಿ ಒಂದು ಗುಟುಕು ಕುಡಿದರು. ಕಣ್ಣು ಅಗಲವಾದವು.

"ಸೋಡಾ ಕಣೇ ಇದು! ನಂಗೇನು ಅಜೀರ್ಣ ಆಗಿದ್ಯಾ?"

ಬಿಲ್ಲಿನಲ್ಲಿ ಆ ಸೋಡಾಕ್ಕೆ ಆರು ಯುರೋ. ನಮ್ಮನೆಯವರ ಕಾಯಿಲೆ ಶುರುವಾದದ್ದು ಅಲ್ಲೇ. ಯುರೋ ಆಗ ನೂರು ರೂಪಾಯಿಯ ಆಸುಪಾಸಿನಲ್ಲಿ ಇದ್ದದ್ದರಿಂದ ಗುಣಾಕಾರ ಭಾರಿ ಸುಲಭ. ಎರಡು ಸೊನ್ನೆ ಸೇರಿಸಿದರೆ ಆಯಿತು. ಹೊಟ್ಟೆ ತಾನಾಗೇ ಉರಿಯುತ್ತೆ. ಊಟದ ಜೊತೆ ನಲ್ಲಿ ನೀರನ್ನು ಜಗ್ಗಿನಲ್ಲಿ ಪುಕ್ಕಟೆ ಕೊಡುತ್ತಾರೆ, ಕೇಳಬೇಕು ಅಷ್ಟೇ ಅಂತ ಗೊತ್ತಾದದ್ದು ಬಿಲ್ ಕೊಟ್ಟ ಮೇಲೆ.

ಸಂಜೆ ಅತ್ತೆ ತಾವೇ ಒಂದು ದಾರಿ ಕಂಡುಕೊಂಡರು. ಬೀದಿ ಬದಿಯಲ್ಲಿ ಕಡು ಹಸಿರು ಬಣ್ಣದ ಎರಕದ ಕಬ್ಬಿಣದ ಒಂದು ಸಣ್ಣ ಮಂಟಪ. ನಾಲ್ಕು ಹೆಂಗಸರು ಅದರ ಗೋಪುರ ಹೊತ್ತು ನಿಂತಿದ್ದಾರೆ, ನಡುವೆ ನೂಲಿನ ಹಾಗೆ ನೀರು ಬೀಳುತ್ತಿದೆ. ಪುಟ್ಟ ಮೊಬೈಲಿನಲ್ಲಿ ಹುಡುಕಿ ಓದಿದ. ರಿಚರ್ಡ್ ವಾಲೇಸ್ ಅನ್ನುವ ಇಂಗ್ಲಿಷಿನವನು, ಯುದ್ಧದಲ್ಲಿ ಪ್ಯಾರಿಸ್ ನೀರಿಗೆ ಒದ್ದಾಡಿದ್ದನ್ನು ನೋಡಿ, 1872ರಿಂದ ತನ್ನ ದುಡ್ಡಿನಲ್ಲಿ ಇವನ್ನು ಹಾಕಿಸಿದನಂತೆ.

"ಅರವಟ್ಟಿಗೆ ಅನ್ನು," ಅಂದರು ಅತ್ತೆ. ಚೊಂಬು ತುಂಬಿಸಿಕೊಂಡು ಆ ನಾಲ್ಕು ಹೆಂಗಸರಿಗೂ ಕೈ ಮುಗಿದರು. 330 ಮೀಟರ್ ಎತ್ತರದ ಐಫೆಲ್ ಟವರ್ ನೋಡಿದಾಗಲೂ ಅವರು ಇಷ್ಟು ಖುಷಿಪಟ್ಟಿರಲಿಲ್ಲ.

ಅನಾಹುತ ಗೊತ್ತಾದದ್ದು ಬ್ರಸೆಲ್ಸ್‌ನಲ್ಲಿ. ರೂಮಿಗೆ ಹೋದ ಐದು ನಿಮಿಷಕ್ಕೆ ಬಾತ್‌ರೂಮಿನಿಂದ ಅತ್ತೆಯ ದನಿ ಬಂತು. "ಮಗ್ಗು ಎಲ್ಲೇ?"

ಮಗ್ಗು ಪ್ಯಾರಿಸ್ಸಿನಲ್ಲಿ ಉಳಿದಿತ್ತು. ಈಗ ಅಕ್ಷರಶಃ ನಮ್ಮ ಕೈಯಲ್ಲಿ ಬರೀ ಚೊಂಬು! ಅದನ್ನು ಮುಟ್ಟುವ ಹಾಗಿಲ್ಲ. ಇವರು ನೀರಿನ ಬಾಟಲಿ ಕತ್ತರಿಸಿ ಕೊಡುತ್ತೇನೆ ಅಂದರು. ಪ್ಲಾಸ್ಟಿಕ್ಕಿನ ಅಂಚು ಕುಯ್ಯುತ್ತೆ ಅಂತ ನಾನು ಬೇಡ ಅಂದೆ. ಕೊನೆಗೆ ನಾಲ್ಕೂ ಜನ ಮಗ್ಗು ಹುಡುಕಲು ಹೊರಟೆವು.

ಚಾಕಲೇಟು ಬೇಕಾ, ಹೆಜ್ಜೆಗೊಂದು ಅಂಗಡಿ. ಲೇಸು ಬೇಕಾ, ಬೀದಿ ತುಂಬ. ಮಗ್ಗು ಮಾತ್ರ ಇಲ್ಲ. "ಮಗ್" ಅಂದರೆ ಕಾಫಿ ಕಪ್ಪು ತೋರಿಸುತ್ತಾರೆ. "ಫಾರ್ ಬಾತ್‌ರೂಮ್" ಅಂದರೆ ಬ್ರಷ್ ಇಡುವ ಲೋಟ ತರುತ್ತಾರೆ. ಇವರು ಕೈಸನ್ನೆಯಲ್ಲಿ ತೋರಿಸಲು ಹೊರಟರು. ನಾನು ಕೈ ಹಿಡಿದು ನಿಲ್ಲಿಸಿದೆ. ಎಷ್ಟಾದರೂ ನಾವು ಒಂದು ದೇಶದ ಮಾನ ಹೊತ್ತು ತಿರುಗುತ್ತಿದ್ದೆವು.

ನಾಲ್ಕನೇ ಅಂಗಡಿಯ ಅಡುಗೆ ಸಾಮಾನಿನ ಸಾಲಿನಲ್ಲಿ ಸಿಕ್ಕಿತು. ಕೇಕ್ ಮಾಡುವವರ ಅಳತೆ ಜಗ್ಗು. ಹಿಡಿ ಇದೆ, ಮೂತಿ ಇದೆ, ಒಂದು ಲೀಟರ್ ಹಿಡಿಯುತ್ತೆ. ಮೈದಾ ಎಷ್ಟು ಗ್ರಾಂ, ಸಕ್ಕರೆ ಎಷ್ಟು, ನೀರು ಎಷ್ಟು ಅಂತ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಕೆಂಪು ಗೆರೆಗಳು. ಏಳು ಯುರೋ. ಇವರು ಎರಡು ಸೊನ್ನೆ ಸೇರಿಸಿ ಕಣ್ಣು ಮುಚ್ಚಿಕೊಂಡರು. ಕೌಂಟರಿನ ಹೆಂಗಸು ಅತ್ತೆಯನ್ನು ನೋಡಿ ಪ್ರೀತಿಯಿಂದ ಇಂಗ್ಲಿಷಿನಲ್ಲಿ ಕೇಳಿದಳು, ತುಂಬಾ ಬೇಕಿಂಗ್ ಮಾಡ್ತೀರಾ ಅಂತ. ಅತ್ತೆ ನನ್ನ ಮುಖ ನೋಡಿದರು. ನಾನು "ಎವೆರಿ ಮಾರ್ನಿಂಗ್" ಅಂದುಬಿಟ್ಟೆ.

ಅದೇ ಜಗ್ಗನ್ನು ಚೀಲದಲ್ಲಿ ಹಿಡಿದು ಬ್ರಸೆಲ್ಸಿನ ಪ್ರಸಿದ್ಧ ಉಚ್ಚೆ ಹೊಯ್ಯುವ ಹುಡುಗನನ್ನು ನೋಡಲು ಹೋದೆವು. ಹೆಸರು ಮಾನೆಕೆನ್ ಪಿಸ್. ಇಷ್ಟು ಹೆಸರು ಮಾಡಿದವನು ಕನಿಷ್ಠ ಗೊಮ್ಮಟನ ಮೊಣಕಾಲಿಗಾದರೂ ಬರುತ್ತಾನೆ ಅಂದುಕೊಂಡಿದ್ದೆ. ಎರಡಡಿಯೂ ಇಲ್ಲ! ಬೀದಿ ಮೂಲೆಯ ಈ ಕಂಚಿನ ಹುಡುಗ ಅಸಲಿಯೂ ಅಲ್ಲ, ಅಸಲಿ ಮ್ಯೂಸಿಯಮ್ಮಿನಲ್ಲಿದ್ದಾನೆ. ಹಾಕಿಕೊಳ್ಳಲು ಸಾವಿರಕ್ಕೂ ಹೆಚ್ಚು ಜೊತೆ ಬಟ್ಟೆ ಇದೆಯಂತೆ, ನಾವು ಹೋದ ದಿನ ಒಂದೂ ಇರಲಿಲ್ಲ. ಕೆಲವು ವರ್ಷದ ಹಿಂದೆ ಮೀಟರ್ ಇಟ್ಟು ನೋಡಿದಾಗ ದಿನಕ್ಕೆ ಸಾವಿರ ಲೀಟರಿಗೂ ಜಾಸ್ತಿ ಕುಡಿಯುವ ನೀರು ಇವನ ಮೂಲಕ ಚರಂಡಿಗೆ ಹೋಗುತ್ತಿರುವುದು ಗೊತ್ತಾಯಿತಂತೆ. ಈಗ ಅದೇ ನೀರು ಸುತ್ತಿ ಸುತ್ತಿ ಬರುತ್ತೆ. ಇರಲಿ. ಇಡೀ ಯುರೋಪಿನಲ್ಲಿ ದುಡ್ಡು ಕೊಡದೆ ಆ ಕೆಲಸ ಮಾಡುವವನನ್ನು ನಾನು ನೋಡಿದ್ದು ಇವನೊಬ್ಬನನ್ನೇ.

ಯಾಕೆಂದರೆ ಮುಂದಿನದು ಜರ್ಮನಿ. ಕಲೋನ್‌ನಲ್ಲಿ ಚರ್ಚ್ ನೋಡಿದೆವು. 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದ್ದು. "ನಮ್ಮ ರಸ್ತೆ ಕೆಲ್ಸನೇ ವಾಸಿ" ಅಂದರು ಅತ್ತೆ. ಅಲ್ಲಿಂದ ಬಸ್ಸು. ಅಲ್ಲಿನ ನಿಯಮದ ಪ್ರಕಾರ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಸುಧಾರಿಸಿಕೊಳ್ಳಲೇಬೇಕು. ಹೈವೇ ಪಕ್ಕ ನಿಲ್ಲಿಸಿದ. ಟಾಯ್ಲೆಟ್ಟಿಗೆ ನಮ್ಮ ಮೆಟ್ರೋ ಸ್ಟೇಷನ್ನಿನಲ್ಲಿ ಇರುವ ಹಾಗೆ ಗೇಟು. ತಲೆಗೆ ಒಂದು ಯುರೋ. ಪಕ್ಕದಲ್ಲಿ ಮಕ್ಕಳಿಗೆ ಪುಕ್ಕಟೆ ನುಗ್ಗಲು ಒಂದು ಕುಳ್ಳ ಬಾಗಿಲು. ಅತ್ತೆ ಬಗ್ಗಿ ಅದರ ಎತ್ತರ ನೋಡುತ್ತಿದ್ದರು. ನಾನು ಬೇಗ ನಾಣ್ಯ ಹಾಕಿದೆ.

ದುಡ್ಡು ಹಾಕಿದರೆ ಒಂದು ಯುರೋದ ಕೂಪನ್ನು ಬರುತ್ತೆ. ಅದನ್ನು ಅಲ್ಲಿಯ ಅಂಗಡಿಯಲ್ಲಿ ಬಿಲ್ಲಿಗೆ ಮುರಿದುಕೊಳ್ಳಬಹುದು. ಇವರಿಗೆ ಹೋದ ಜೀವ ಬಂದಹಾಗಾಯಿತು. ಹೋಗಿ ಕಾಫಿ ತಂದರು. ಕಾಫಿ ಕುಡಿದ ಮೇಲೆ ಮತ್ತೆ ಗೇಟಿಗೆ ಹೋಗಬೇಕಾಯಿತು. ಮತ್ತೆ ಯುರೋ, ಮತ್ತೆ ಕೂಪನ್ನು. ಮೂರನೇ ಸುತ್ತಿಗೆ ಹೊರಟವರನ್ನು ನಾನೇ ಕೈ ಹಿಡಿದು ಬಸ್ಸು ಹತ್ತಿಸಿದೆ.

ಸ್ವಿಟ್ಜರ್ಲೆಂಡಿನ ಹೊತ್ತಿಗೆ ಇವರ ಜೇಬಿನ ತುಂಬ ಒಂದು ಯುರೋ ನಾಣ್ಯಗಳಿದ್ದವು. ಸ್ಟೇಷನ್ನಿನ ಗೇಟು ಒಂದೊಂದನ್ನೂ ಪಿಚಕ್ ಅಂತ ಉಗಿಯಿತು. ಅಲ್ಲಿ ನಡೆಯುವುದು ಫ್ರಾಂಕು. ಚಿಲ್ಲರೆ ಬದಲಾಯಿಸಿ ತರುವ ತನಕ ಪುಟ್ಟ ಒಂಟಿ ಕಾಲಿನಲ್ಲಿ ಕುಣಿದ. ಮರುದಿನ ದೊಡ್ಡವರಿಗೆ ತಲೆಗೆ ಇನ್ನೂರಕ್ಕೂ ಹೆಚ್ಚು ಫ್ರಾಂಕ್ ಕೊಟ್ಟು 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖಿಗೆ ಹೋದೆವು. ಬೆಟ್ಟದ ಹೊಟ್ಟೆ ಕೊರೆದು 1912ರಲ್ಲೇ ಅಲ್ಲಿಗೆ ರೈಲು ತಂದಿದ್ದಾರೆ. ಮೇಲೆ ಹೋಗಿ ಬಾಗಿಲು ತೆರೆದರೆ ಬೆಳ್ಳಗೆ. ಎದುರಿಗೆ, ಹಿಂದೆ, ಕೆಳಗೆ, ಎಲ್ಲಾ ಕಡೆ ಬೆಳ್ಳಗೆ ಮಂಜು. ಆಲ್ಪ್ಸ್ ಎಲ್ಲೋ ಅದರೊಳಗಿತ್ತು. ಆಗುಂಬೆಯಲ್ಲಿ ಇದೇ ಮಂಜು ಪುಕ್ಕಟೆ ಸಿಗುತ್ತೆ. ಪಕ್ಕದಲ್ಲಿ ಬಿಸಿ ಬೋಂಡವೂ ಸಿಗುತ್ತೆ.

ಕೆಳಗೆ ಹಳ್ಳಿಯಲ್ಲಿ ಮರದ ತೊಟ್ಟಿಗೆ ಸದಾ ನೀರು ಬೀಳುತ್ತಿತ್ತು. ಚೊಂಬು ತುಂಬಿತು. ಪಕ್ಕದ ಹುಲ್ಲುಗಾವಲಿನಲ್ಲಿ ಗಂಟೆ ಕಟ್ಟಿಕೊಂಡ ಹಸುಗಳು. ಅತ್ತೆ ಬಹಳ ಹೊತ್ತು ಅವುಗಳ ಕೆಚ್ಚಲನ್ನೇ ನೋಡಿದರು. "ಇಷ್ಟು ಹಸು ಇಟ್ಕೊಂಡು ನನ್ನ ಒಂದು ಡಬ್ಬಿ ತುಪ್ಪಕ್ಕೆ ಹೆದರ್ತಾರಲ್ಲೋ," ಅಂದರು ಮಗನಿಗೆ. ಇವರ ಹತ್ತಿರ ಉತ್ತರ ಇರಲಿಲ್ಲ.

ಇಟಲಿ ಅತ್ತೆಗೆ ತವರಿನ ಹಾಗೆ ಕಂಡಿತು. ಕಾರಣ, ವೆನಿಸ್ಸಿನ ಹೋಟೆಲಿನ ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕ ನಲ್ಲಿ ಇರುವ ಇನ್ನೊಂದು ಪುಟ್ಟ ಪೀಠ. ಪುಟ್ಟ ಅದರಲ್ಲಿ ಕಾಲು ಮುಳುಗಿಸಿ ಕೂತಿದ್ದ. ಅದು ಬಿಡೆ. ತೊಳೆದುಕೊಳ್ಳುವುದಕ್ಕೇ ಇರುವುದು. ಇಟಲಿಯಲ್ಲಿ ಮನೆಯ ಒಂದು ಬಾತ್‌ರೂಮಿನಲ್ಲಾದರೂ ಅದು ಇರಬೇಕು ಅಂತ 1975ರಿಂದ ಕಾನೂನೇ ಇದೆ. ಕಾನೂನು ಮಾಡಿದವರಿಗೆ ಒಳ್ಳೇದಾಗಲಿ ಅಂದರು ಅತ್ತೆ. ಏಳು ಯುರೋದ ಜಗ್ಗಿಗೆ ರಜೆ ಸಿಕ್ಕಿತು.

ಕಾಫಿಯದೂ ನಮ್ಮೂರಿನ ಲೆಕ್ಕವೇ. ಕೂತು ಕುಡಿದರೆ ಜಾಸ್ತಿ, ಕೌಂಟರಿನಲ್ಲಿ ನಿಂತು ಕುಡಿದರೆ ಕಡಿಮೆ. ದರ್ಶಿನಿಯಲ್ಲಿ ಬೆಳೆದವರಿಗೆ ನಿಲ್ಲುವುದೇನು ಹೊಸದಾ? ಆದರೆ ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಯಿತು. ಲೋಕಲ್ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಮೆಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮೂರು ಕಾಪಿ ತೆಗೆಸುವ ಮನುಷ್ಯ ಇದೊಂದನ್ನು ಮರೆತರು. ದಂಡ ಎಷ್ಟು ಅಂತ ಇವರು ಇವತ್ತಿಗೂ ಯಾರಿಗೂ ಹೇಳಿಲ್ಲ. ನಾನೂ ಹೇಳಲ್ಲ.

ನಾವು ನೋಡಿದ್ದು ಐದು ದೇಶ. ಇವರು ಆರು ಅನ್ನುತ್ತಾರೆ. ಆರನೆಯದು ಲಾಲ್‌ಬಾಗಿನ ಅರ್ಧದಷ್ಟಿರುವ ವ್ಯಾಟಿಕನ್. ಅಲ್ಲಿನ ಚರ್ಚಿಗೆ ಮೊಣಕಾಲು ಮುಚ್ಚಿರಬೇಕು. ಚಡ್ಡಿಯಲ್ಲಿ ಬಂದಿದ್ದ ಇವರನ್ನು ಬಾಗಿಲಲ್ಲೇ ತಡೆದರು. ಅತ್ತೆ ತಮ್ಮ ಹೂವಿನ ಶಾಲು ಬಿಚ್ಚಿ ಸೊಂಟಕ್ಕೆ ಪಂಚೆಯ ಹಾಗೆ ಸುತ್ತಿಕೊಟ್ಟರು. ಒಳಗೆ ಮೈಕೆಲ್ಯಾಂಜೆಲೋ ಕೆತ್ತಿದ ಶಿಲ್ಪದ ಮುಂದೆ ನಿಂತ ಫೋಟೋ ಇದೆ. ಶಿಲ್ಪಕ್ಕಿಂತ ಶಾಲೇ ಎದ್ದು ಕಾಣುತ್ತೆ.

ರೋಮಿನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಲ್ಲಿಗಳಿವೆ, ಹಗಲೂ ರಾತ್ರಿ ಹರಿಯುತ್ತವೆ. ಬಾಗಿದ ಕೊಳವೆ ಮೂಗಿನ ಹಾಗಿರುವುದರಿಂದ ಜನ ಅವನ್ನು ಮೂಗಪ್ಪ ಅನ್ನುವ ಅರ್ಥದಲ್ಲಿ ನಾಸೋನೆ ಅಂತ ಕರೆಯುತ್ತಾರೆ. ಅತ್ತೆ ಚೊಂಬು ಹಿಡಿದರು. ಪುಟ್ಟ ಬೆರಳಿನಿಂದ ಕೊಳವೆಯ ಬಾಯಿ ಮುಚ್ಚಿದ. ಮೇಲೆ ಒಂದು ಸಣ್ಣ ತೂತಿದೆ ಅಂತ ನಮಗೇನು ಗೊತ್ತು? ನೀರು ಬಾಣದ ಹಾಗೆ ಚಿಮ್ಮಿ ಇವರ ಅಂಗಿ, ಶಾಲು, ಕೈಯಲ್ಲಿದ್ದ ಆ ಫೈಲು, ಮೂರು ಕಾಪಿ, ಎಲ್ಲವನ್ನೂ ತೋಯಿಸಿತು.

ಅವತ್ತು ಸಂಜೆ ಅತ್ತೆ ಅದೇ ನಲ್ಲಿಯಿಂದ ಎರಡು ಲೀಟರಿನ ಬಾಟಲಿ ತುಂಬಿಸಿ, ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಇಟ್ಟರು. "ಅಮ್ಮ, ನೀರು ಯಾರಾದ್ರೂ ವಿಮಾನದಲ್ಲಿ ತಗೊಂಡು ಹೋಗ್ತಾರಾ?" ಅಂತ ಇವರು ಕೂಗಾಡಿದರು. "ಕಾಶಿಯಿಂದ ತರಲ್ವಾ?" ಅಂದರು ಅತ್ತೆ.

ಬೆಂಗಳೂರಿನ ಮನೆಗೆ ಬಂದಾಗ ಬೆಳಗಿನ ಜಾವ ಐದು ಗಂಟೆ. ಕಾಲು ತೊಳೆಯೋಣ ಅಂತ ನಲ್ಲಿ ತಿರುಗಿಸಿದೆ. ಕೊರ್ ಅಂತು, ಎರಡು ಹನಿ ಬಿತ್ತು, ನಿಂತಿತು. ಸಂಪು ಖಾಲಿ. ಕಾವೇರಿ ಮೂರು ದಿನದಿಂದ ಬಂದಿಲ್ಲವಂತೆ. ಟ್ಯಾಂಕರಿನವನು ಎಂಟಕ್ಕೆ ಮೊದಲು ಫೋನ್ ಎತ್ತಲ್ಲ.

ಅತ್ತೆ ಒಂದು ಮಾತೂ ಆಡದೆ ಸೂಟ್‌ಕೇಸು ತೆರೆದು ರೋಮಿನ ನೀರು ತೆಗೆದರು. ಫಿಲ್ಟರಿಗೆ ಪುಡಿ ಹಾಕಿದರು. ಎರಡೇ ಲೀಟರ್ ಇರುವುದು, ನೋಡಿಕೊಂಡು ಬಳಸಬೇಕು.

"ಅಜ್ಜಿ, ಕಾಫಿಗೆ ಎಷ್ಟು ನೀರು? ನಾನು ಅಳೆದು ಕೊಡ್ತೀನಿ," ಅಂತ ಪುಟ್ಟ ಅಡುಗೆಮನೆಗೆ ಓಡಿ ಬಂದ. ಕೈಯಲ್ಲಿ ಕೆಂಪು ಗೆರೆಯ ಜಗ್ಗು.

ಮೂವರೂ ಒಟ್ಟಿಗೆ ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿತಂತೆ.