ಕೊಡೋದೈತೇನ್ರಿ?

ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗಾಡಿ ಒರೆಸುತ್ತಿದ್ದೆ. ಹಳೇ ಕಬ್ಬಿಣ, ಹಳೇ ಪೇಪರ್ ಅಂತ ಕೂಗುತ್ತ ಬಂದ ಗುಜರಿಯವನು ತಳ್ಳುಗಾಡಿ ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ, ನನ್ನ ಸ್ಕೂಟರನ್ನು ನೋಡಿದ. ಆಮೇಲೆ ಸಾವಿನ ಮನೆಯಲ್ಲಿ ಮಾತಾಡಿಸುವ ದನಿಯಲ್ಲಿ, "ಕೊಡೋದೈತೇನ್ರಿ?" ಅಂದ.

"ಇಲ್ಲಪ್ಪ."

"ನಡೀತೈತಾ?"

"ನಡೀತೈತಿ."

"ಅಲ್ರೀ, ಓಡ್ತೈತಾ?"

ಈ ಪ್ರಶ್ನೆಗೆ ನಾನು ಉತ್ತರ ಹುಡುಕುವಷ್ಟರಲ್ಲಿ ಅವನ ಲೆಕ್ಕ ಮುಗಿದಿತ್ತು. ತೂಕಕ್ಕೆ ಹಾಕಿದರೆ ಒಂದು ರೇಟು, ಗಾಡಿ ಅಂತ ಕೊಟ್ಟರೆ ಒಂದು ರೇಟು ಅಂದ. ಯಾವುದು ಜಾಸ್ತಿ ಅಂತ ಕೇಳಬಾರದಿತ್ತು, ಕೇಳಿಬಿಟ್ಟೆ. ತೂಕದ್ದೇ ಜಾಸ್ತಿಯಂತೆ.

ನನಗೆ ಉರಿದದ್ದು ಯಾಕೆಂದರೆ, ಆ ಗಾಡಿಗೆ ಐದು ಸಾವಿರ ರೂಪಾಯಿಯ ಬಜೆಟ್ ಹಾಕಿಕೊಂಡು ಮೂರು ವಾರವಾಗಿತ್ತು. ಹಾಲಿನ ಲೆಕ್ಕದ ಡೈರಿಯಲ್ಲಿ ಹಿಂದಿನಿಂದ ಒಂದು ಪುಟ ಅದಕ್ಕೇ ಮೀಸಲು. ಇದನ್ನು ಯಾಕೆ ಮಾರುವುದಿಲ್ಲ ಅಂತ ಮನೆಯವಳೂ ಕೇಳುತ್ತಾಳೆ. ಅವಳಪ್ಪನದೇ ಗಾಡಿ, ಆದರೂ ಕೇಳುತ್ತಾಳೆ. ಅದಕ್ಕೊಂದು ಸರಿಯಾದ ಕಾರಣ ಇದೆ. ಹೇಳುತ್ತೇನೆ.

ಮಾವನವರು 1996ರಲ್ಲಿ ತಗೊಂಡ ಕೈನೆಟಿಕ್ ಹೋಂಡಾ ಅದು. ತೊಂಬತ್ತೆಂಟು ಸಿಸಿ. 1984ರಲ್ಲಿ ಈ ಗಾಡಿ ಮೊದಲು ರಸ್ತೆಗೆ ಬಂದಾಗ ಊರಿನ ಗಂಡಸರೆಲ್ಲ ಬಜಾಜ್ ಚೇತಕ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ಕಿಕ್ ಹೊಡೆದು ಬೆವರು ಸುರಿಸುತ್ತಿದ್ದರು. ಇದಕ್ಕೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ, ಬಟನ್ ಒತ್ತಿದರೆ ಸಾಕು. 'ಹೆಂಗಸರ ಗಾಡಿ' ಅಂತ ನಕ್ಕವರು ಈಗ ಎಲ್ಲರೂ ಅಂಥದ್ದೇ ಓಡಿಸುತ್ತಾರೆ, ಅದು ಬೇರೆ ಮಾತು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಕರೆದುಕೊಂಡು ಹೋಗಬೇಕು. ಕೆಎ-17 ನಂಬರಿನ ಆ ಮುದುಕಿ ಮೂರು ಸಲ ಹೋಗಿ ಪಾಸಾಗಿ ಬಂದಿದೆ.

ಇದನ್ನು 'ಮಾಡಿಫೈ' ಮಾಡೋಣ ಮಾಮಾ ಅಂತ ತಲೆಗೆ ಹುಳ ಬಿಟ್ಟವನು ಅಕ್ಕನ ಮಗ. ಅವನ ಮೊಬೈಲಲ್ಲಿ ಇಂಥ ವಿಡಿಯೋಗಳು ನೂರಾರು ಇವೆ. 'ಅತಿ ಕಡಿಮೆ ಖರ್ಚಿನಲ್ಲಿ' ಅಂತ ಶುರುವಾಗುತ್ತದೆ. ಎರಡನೇ ನಿಮಿಷಕ್ಕೆ ಆ ಹುಡುಗನ ಮನೆಯ ಶೆಡ್ಡಿನಲ್ಲಿ ಕಂಪ್ರೆಸರ್, ವೆಲ್ಡಿಂಗ್ ಮಿಷಿನ್, ಪೇಂಟ್ ಬೂತ್ ಎಲ್ಲ ಕಾಣುತ್ತವೆ. ಇವನ್ನೆಲ್ಲ ಇಟ್ಟುಕೊಂಡವನಿಗೆ ಖರ್ಚು ಕಡಿಮೆಯಾಗದೆ ಇನ್ನೇನಾಗುತ್ತದೆ? ನನ್ನ ಹತ್ತಿರ ಇರುವುದು ಒಂದು ಪಾನಾ, ತಲೆ ಸವೆದ ಎರಡು ಸ್ಕ್ರೂಡ್ರೈವರ್.

ನನಗೆ ಬೆಣ್ಣೆ ಬಣ್ಣ ಹೊಡೆಸುವ ಆಸೆಯಿತ್ತು. ದಾವಣಗೆರೆಯ ಗಾಡಿಗೆ ಬೇರೆ ಯಾವ ಬಣ್ಣ ಒಪ್ಪುತ್ತದೆ ಹೇಳಿ. ಮೆಕ್ಯಾನಿಕ್ ಚಾಚಾ ಮಾತ್ರ, "ಮೇಷ್ಟ್ರೇ, ಆರ್‌ಸಿನಾಗೆ ಏನೈತಿ?" ಅಂತ ಕೇಳಿದರು. ಮರೂನ್. "ಹಂಗಾರೆ ಮರೂನ್." ಬಣ್ಣ ಬದಲಾದರೆ ಅದನ್ನು ಆರ್‌ಸಿಯಲ್ಲಿ ಬರೆಸಬೇಕು, ಅದಕ್ಕೆ ಓಡಾಡಬೇಕು. ಕಂಪನಿ ಮಾಡಿಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ತಿದ್ದುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂತ ಅಳಿಯನಿಗೂ ತಿಳಿಸಿದೆ. ಅವನು ಮುಖ ಸಣ್ಣ ಮಾಡಿದ. ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬುಲೆಟ್ಟಿನ ಸೈಲೆನ್ಸರ್ ಕಿತ್ತು ಢಬ್ ಢಬ್ ಅನ್ನಿಸಿಕೊಂಡು ಹೋಗುವ ಮಹಾನುಭಾವನಿಗೆ ಈ ತೀರ್ಪನ್ನು ಯಾರಾದರೂ ಓದಿ ಹೇಳಿದ್ದರೆ ಚೆನ್ನಾಗಿತ್ತು. ಗಾಡಿ ಅಪ್ಪನ ದುಡ್ಡಿನದು, ನಿದ್ದೆ ನಮ್ಮದು. ಹೀಗೆ ಮರೂನ್ ಗಾಡಿಗೆ ಮರೂನ್ ಬಣ್ಣವನ್ನೇ ಹೊಡೆಸಿದೆ. 2,800 ರೂಪಾಯಿ. ಯಾರಿಗೂ ಗೊತ್ತೇ ಆಗಲಿಲ್ಲ.

ಸೈಲೆನ್ಸರ್ ಅಂದ ಕೂಡಲೇ ನೆನಪಾಯಿತು. ಇದನ್ನು ಹೇಳಲೇಬೇಕು.

ಗಾಡಿ ಮೂವತ್ತರ ಮೇಲೆ ಏಳುತ್ತಿರಲಿಲ್ಲ. ಪಿ.ಬಿ. ರಸ್ತೆಯಲ್ಲಿ ಸೈಕಲ್ಲಿನ ಹುಡುಗರು ಬೆಲ್ ಹೊಡೆದು ಮುಂದೆ ಹೋಗುತ್ತಿದ್ದರು. ಅಳಿಯ, "ವೇರಿಯೇಟರ್‌ನಲ್ಲಿ ಹಗುರದ ರೋಲರ್ ಹಾಕಿದ್ರೆ ಪಿಕಪ್ ಬರುತ್ತೆ ಮಾಮಾ" ಅಂದ. ಗೇರಿಲ್ಲದ ಗಾಡಿಯಲ್ಲಿ ಗೇರಿನ ಕೆಲಸ ಮಾಡುವುದೇ ಈ ವೇರಿಯೇಟರ್. ಅವನು ಹೇಳಿದ್ದು ಸುಳ್ಳಲ್ಲ. ಬೆಲ್ಟೂ ರೋಲರೂ ಸವೆದಿದ್ದವು, ಸಾವಿರ ರೂಪಾಯಿಗೆ ಹೊಸವು ಬಂದವು, ರೋಲರಿನ ತೂಕ ಮಾತ್ರ ಮೊದಲಿನದೇ. ಆದರೂ ಗಾಡಿ ಏಳಲಿಲ್ಲ. ಚಾಚಾ ಸೈಲೆನ್ಸರ್ ಬಿಚ್ಚಿ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿದರು. ಟಣ್ ಅನ್ನಬೇಕಾದದ್ದು ದಪ್ ಅಂತು. "ಕಫ ಕಟ್ಟೈತಿ" ಅಂದರು. ಟೂ ಸ್ಟ್ರೋಕ್ ಗಾಡಿ ಪೆಟ್ರೋಲಿನ ಜೊತೆ ಆಯಿಲ್ಲೂ ಸುಡುತ್ತದೆ. ಪೂರ್ತಿ ಸುಡದೆ ಉಳಿದದ್ದು ವರ್ಷಗಟ್ಟಲೆ ಒಳಗೆ ಕಪ್ಪಗೆ ಅಂಟಿಕೊಂಡು, ಕೊನೆಗೆ ಗಾಡಿ ಉಸಿರು ಬಿಡುವುದಕ್ಕೂ ಜಾಗ ಇರುವುದಿಲ್ಲ. ಇಂಥ ಹಳೇ ಗಾಡಿಗೆ ಹೊಸ ಸೈಲೆನ್ಸರ್ ಸಿಗುವುದು ಕಷ್ಟ. ಇದ್ದದ್ದನ್ನೇ ಬೆಂಕಿಗೆ ಹಾಕಿ ಒಳಗಿನ ಕಾರ್ಬನ್ ಸುಡಬೇಕು. ಚಾಚಾನ ಅಂಗಡಿ ಮುಂದೆ ಬೆಂಕಿ ಹಾಕಿದರೆ ಪಕ್ಕದ ಬಟ್ಟೆ ಅಂಗಡಿಯವನು ಜಗಳಕ್ಕೆ ಬರುತ್ತಾನೆ. "ಬರ್ರಿ" ಅಂತ ನನ್ನನ್ನು ಹಿಂದೆ ಕೂರಿಸಿಕೊಂಡು, ಸೈಲೆನ್ಸರನ್ನು ನನ್ನ ತೊಡೆ ಮೇಲಿಟ್ಟು, ಸೀದಾ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದರು.

ಚಾಚಾನ ಪರಿಚಯದ ಭಟ್ಟಿ. ಈ ಊರಲ್ಲಿ ನಲವತ್ತು ವರ್ಷದಿಂದ ಮಂಡಕ್ಕಿ ತಿನ್ನುತ್ತಿದ್ದೇನೆ, ಭಟ್ಟಿಯ ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು. ಬಾಗಿಲಲ್ಲೇ ಕಾವು ಮುಖಕ್ಕೆ ಹೊಡೆಯಿತು. ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಮರಳು ಕಾದು ನಿಂತಿದೆ. ಬನಿಯನ್ ಹಾಕಿದವನೊಬ್ಬ ಉಪ್ಪು ಹಿಡಿಸಿದ ಅಕ್ಕಿಯನ್ನು ಒಂದು ಬೊಗಸೆ ಎಸೆದ. ಎರಡು ಸಲ ಕೈಯಾಡಿಸುವಷ್ಟರಲ್ಲಿ ಕೆಂಚಗಿದ್ದ ಅಕ್ಕಿ ಮಲ್ಲಿಗೆ ಮೊಗ್ಗಿನ ಹಾಗೆ ಬಿರಿದು ಮೇಲೆದ್ದಿತು. ಜರಡಿ ಹಿಡಿದು ಮರಳು ಕೆಳಗೆ, ಮಂಡಕ್ಕಿ ಮೇಲೆ. ಮತ್ತೆ ಒಂದು ಬೊಗಸೆ. ಅವನು ನಮ್ಮ ಕಡೆ ಒಂದು ಸಲವೂ ತಿರುಗಲಿಲ್ಲ. ತಿರುಗಿದ್ದರೆ ಆ ಬಾಣಲೆ ಸೀಯುತ್ತಿತ್ತು.

ಒಲೆಯ ಹಿಂದುಗಡೆ, ಹೊಟ್ಟಿನ ಕೆಂಡ ಎಳೆದು ಹಾಕುವ ಜಾಗದಲ್ಲಿ, ನನ್ನ ಸೈಲೆನ್ಸರನ್ನು ಮಲಗಿಸಿದರು. ಮೊದಲು ಬಿಳಿ ಹೊಗೆ, ಆಮೇಲೆ ಹಳದಿ ಹೊಗೆ, ಆಮೇಲೆ ಬಾಯಿಂದ ಒಂದು ಗೇಣು ನೀಲಿ ಉರಿ. ಮೂವತ್ತು ವರ್ಷದಲ್ಲಿ ಮಾವನವರು ಕೋರ್ಟು, ಮಂಡಿಪೇಟೆ, ದುಗ್ಗಮ್ಮನ ಜಾತ್ರೆ ಅಂತ ಓಡಾಡಿದ್ದು, ಆಮೇಲೆ ನಾನು ಸ್ಕೂಲಿಗೆ ಓಡಾಡಿದ್ದು ಎಲ್ಲ ಅಲ್ಲಿ ಉರಿಯುತ್ತಿತ್ತು. ಭಟ್ಟಿಯ ಯಜಮಾನ ಬಂದು, "ಇದೇನ್ ಚಾಚಾ, ನನ್ನ ಮಂಡಕ್ಕಿಗೆ ಪೆಟ್ರೋಲ್ ವಾಸ್ನಿ ಹಿಡಿಸ್ತೀಯಾ?" ಅಂತ ಬೈದ. ಬೈದು, ನಮಗಿಬ್ಬರಿಗೂ ಪೇಪರಿನಲ್ಲಿ ಬಿಸಿ ಮಂಡಕ್ಕಿ ಸುರಿದು ಕೊಟ್ಟ. ಈರುಳ್ಳಿ ಇಲ್ಲ, ಖಾರ ಇಲ್ಲ, ಮೆಣಸಿನಕಾಯಿ ಬಜ್ಜಿಯೂ ಇಲ್ಲ. ಅಂಥ ಮಂಡಕ್ಕಿಯನ್ನು ನಾನು ಮತ್ತೆ ತಿಂದಿಲ್ಲ. ಪೆಟ್ರೋಲ್ ವಾಸನೆ ಇತ್ತೋ ಇಲ್ಲವೋ ಗೊತ್ತಿಲ್ಲ, ನನ್ನ ಪ್ಯಾಂಟಿನಿಂದಲೇ ಅದು ಬರುತ್ತಿತ್ತು.

ಮುಕ್ಕಾಲು ಗಂಟೆಯ ಮೇಲೆ ಇಕ್ಕಳದಲ್ಲಿ ಹೊರಗೆಳೆದು, ಆರಿದ ಮೇಲೆ ಕಲ್ಲಿಗೆ ಕುಟ್ಟಿದರು. ಕರೀ ಹಪ್ಪಳದಂಥ ಚೂರುಗಳು ಪಟಪಟ ಉದುರಿದವು. ಒಂದು ಪಾವು ಆಗಬಹುದು. ಚಾಚಾ ಮತ್ತೆ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದರು. ಟಣ್.

ಸಾಯಂಕಾಲ ಹದಡಿ ರಸ್ತೆಯಲ್ಲಿ ಐವತ್ತು ಮುಟ್ಟಿದೆ. ಮುಟ್ಟಿದ್ದು ಎಷ್ಟು ಹೊತ್ತು ಅಂತ ಕೇಳಬೇಡಿ. ಸೈಲೆನ್ಸರಿನ ಕೆಲಸಕ್ಕೆ 400 ರೂಪಾಯಿ, ಮಂಡಕ್ಕಿ ಬಿಟ್ಟಿ.

ಸೀಟಿನ ಕತೆ ಸಣ್ಣದು. ಹೊಸ ಕವರ್ 700. ಹೊಲಿದುಕೊಟ್ಟ ಕುಷನ್ ಅಂಗಡಿಯವನು ಕೇಳದೆಯೇ ಹಿಂದುಗಡೆ ಹುಲಿಯ ಮುಖ ಹೊಲಿದಿದ್ದ. ಎಲ್ಲರೂ ಹಾಕಿಸ್ತಾರೆ ಸರ್ ಅಂದ. ಹತ್ತನೇ ಕ್ಲಾಸಿಗೆ ವ್ಯಾಕರಣ ಹೇಳುವ ನಾನು ಈಗ ಹುಲಿಯನ್ನು ಹಿಂದಿಟ್ಟುಕೊಂಡು ಸ್ಕೂಲಿಗೆ ಹೋಗುತ್ತೇನೆ. ಹುಡುಗರು ಏನು ಹೆಸರಿಟ್ಟಿದ್ದಾರೆ ಅಂತ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಇಷ್ಟರಲ್ಲಿ ಮನೆಯವಳು ಮೆಚ್ಚಿದ್ದು ಒಂದೇ ಒಂದು. ಮುಂದೆ ಚೀಲ ನೇತುಹಾಕುವುದಕ್ಕೆ ಅಂತ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಕೊಕ್ಕೆ. ಅರವತ್ತು ರೂಪಾಯಿ. "ಇದೊಂದು ಮಾಡ್ಸಿದ್ರೆ ಸಾಕಾಗಿತ್ತಲ್ರೀ, ಉಳಿದಿದ್ದೆಲ್ಲ ಯಾಕೆ?" ಅಂದಳು. ಮಾರದೆ ಇಟ್ಟುಕೊಂಡ ಕಾರಣವನ್ನು ಅವತ್ತೇ ಹೇಳಿಬಿಡಬೇಕು ಅಂದುಕೊಂಡೆ. ಅವಳು ಆಗಲೇ ಸಂತೆ ಚೀಲ ಕೈಗೆ ಕೊಟ್ಟು ಒಳಗೆ ಹೋಗಿದ್ದಳು.

ಮೂರು ಕೆ.ಜಿ. ಈರುಳ್ಳಿ ನೇತುಹಾಕಿಕೊಂಡು ಬರುವಾಗ ಗೊತ್ತಾಯಿತು, ಕೊಕ್ಕೆ ಎರಡು ಇಂಚು ಎಡಕ್ಕೆ ಬಂದಿದೆ. ಪ್ರತಿ ತಿರುವಿನಲ್ಲೂ ಚೀಲ ಮೊಣಕಾಲಿಗೆ ಹೊಡೆಯುತ್ತದೆ. ಬಿಚ್ಚಿ ಸರಿಸಿ ಹಾಕುವುದಕ್ಕೆ ಇನ್ನೊಂದು ಅರವತ್ತು ಕೊಡಿ ಅನ್ನುತ್ತಾನೆ ವೆಲ್ಡಿಂಗಿನವನು. ಡೈರಿ ತೆಗೆದು ಎರಡೆರಡು ಸಲ ಕೂಡಿಸಿದೆ. ಉಳಿದಿರುವುದು ನಲವತ್ತು.