0.17 ವೋಲ್ಟ್ ನಂಬಿ ಲೆಕ್ಕ ಹಾಕಬೇಡಿ

ನೀರನ್ನು ಕರೆಂಟಿನಿಂದ ಒಡೆದು ಹೈಡ್ರೋಜನ್ ತೆಗೆಯಲು ಕನಿಷ್ಠ 1.23 ವೋಲ್ಟ್ ಬೇಕು. ಆನೋಡ್‌ಗೆ (ಧನ ವಿದ್ಯುದ್ವಾರ) ಗಂಧಕ ಸುಟ್ಟಾಗ ಬರುವ ಸಲ್ಫರ್ ಡೈಆಕ್ಸೈಡ್ ಕೊಟ್ಟರೆ ಸುಮಾರು 0.17. ಅಲ್ಲಿ ಆಮ್ಲಜನಕ ಹೊರಡುವುದಿಲ್ಲ, ಸಲ್ಫ್ಯೂರಿಕ್ ಆಮ್ಲ ತಯಾರಾಗುತ್ತದೆ. ಕ್ಯಾಥೋಡ್‌ನಲ್ಲಿ (ಋಣ ವಿದ್ಯುದ್ವಾರ) ಎಂದಿನಂತೆ ಹೈಡ್ರೋಜನ್. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ‘ಏಳು ಪಟ್ಟು ಉಳಿತಾಯ’ ಎಂದು ಹಂಚುವುದು ತಪ್ಪು: ಎರಡೂ ಸಿದ್ಧಾಂತದ ಕನಿಷ್ಠ, ಓಡುವ ಸೆಲ್‌ಗೆ ಹೆಚ್ಚು ಬೇಕು. ಇಷ್ಟು ಒಳ್ಳೆಯ ವಿಧಾನಕ್ಕೆ ಉತ್ಪ್ರೇಕ್ಷೆ ಬೇಕಿಲ್ಲ.

ಸೆಲ್‌ನ ಪ್ರತಿ ಒಂದು ವೋಲ್ಟಿಗೆ, ಒಂದು ಕಿಲೋ ಹೈಡ್ರೋಜನ್‌ಗೆ 26.6 ಯೂನಿಟ್ ಖರ್ಚು. ಅಮೆರಿಕದ ಸವಾನಾ ರಿವರ್ ರಾಷ್ಟ್ರೀಯ ಪ್ರಯೋಗಾಲಯ ಇಟ್ಟುಕೊಂಡ ಗುರಿ ಚದರ ಸೆಂಟಿಮೀಟರಿಗೆ 500 ಮಿಲಿಆಂಪ್‌ನಲ್ಲಿ 0.6 ವೋಲ್ಟ್, ಅಂದರೆ 16 ಯೂನಿಟ್. 1.8 ವೋಲ್ಟ್‌ನಲ್ಲಿ ಓಡುವ ನೀರಿನ ಸೆಲ್‌ಗೆ 48. ಮೂರನೇ ಒಂದು ಭಾಗ! ನೀರಿನ ಸೆಲ್‌ನ ಆನೋಡ್‌ಗೆ ಹಚ್ಚುವ ದುಬಾರಿ ಲೋಹ ಇರಿಡಿಯಂ ಕೂಡ ಬೇಡ.

ನಿಜವಾದ ಕಷ್ಟ ಆನೋಡ್‌ಗೂ ಕ್ಯಾಥೋಡ್‌ಗೂ ನಡುವಿನ ತೆಳು ಪೊರೆಯಲ್ಲಿ, ಮೆಂಬ್ರೇನ್‌ನಲ್ಲಿದೆ. ಆಮ್ಲ ಗಟ್ಟಿಯಾದಷ್ಟೂ ಬೇಕಾದ ವೋಲ್ಟೇಜ್ ಏರುತ್ತದೆ, ಆ ಪೊರೆಗೆ ಬಳಸುವ ನಾಫಿಯಾನ್ ಪಾಲಿಮರ್ ಒಣಗಿ ಅದರ ರೋಧ ಹೆಚ್ಚುತ್ತದೆ. ಆಮ್ಲ ತೆಳುವಾದರೆ ಮುಂದೆ ಆ ನೀರನ್ನೆಲ್ಲ ಕುದಿಸಿ ಓಡಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ ಸೋರಿಕೆ. ಕರಗಿದ ಸಲ್ಫರ್ ಡೈಆಕ್ಸೈಡ್ ಮೆಂಬ್ರೇನ್ ದಾಟಿ ಕ್ಯಾಥೋಡ್ ಮುಟ್ಟಿದರೆ ಅಲ್ಲಿ ಗಂಧಕವಾಗಿ, ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡುತ್ತದೆ. ಅದೇ ಕರೆಂಟಿಗೆ ವೋಲ್ಟೇಜ್ ದಿನೇ ದಿನೇ ಏರುತ್ತಿದ್ದರೆ ಹೈಡ್ರೋಜನ್ ಹೊರಬರುವ ಪೈಪಿನ ಬಾಯಿಗೆ ತೇವ ಮಾಡಿದ ಲೆಡ್ ಅಸಿಟೇಟ್ ಕಾಗದ ಹಿಡಿಯಿರಿ. ಕಪ್ಪಾದರೆ ಕಾರಣ ಬಹುಮಟ್ಟಿಗೆ ಇದೇ. ಸೆಲ್ ಬಿಚ್ಚಿದರೆ ಮೆಂಬ್ರೇನಿಗೂ ಕ್ಯಾಥೋಡ್ ಪದರಕ್ಕೂ ನಡುವೆ ಹಳದಿ ಗಂಧಕ ಕೂತಿರುತ್ತದೆ, ಎರಡನ್ನೂ ಬೇರ್ಪಡಿಸುತ್ತಾ. ಕ್ಯಾಥೋಡ್ ಕಡೆಯ ನೀರಿಗೆ ಒತ್ತಡ ಕೊಟ್ಟು ಅದು ಆನೋಡ್ ಕಡೆಗೇ ಹರಿಯುವಂತೆ ಮಾಡಿದರೆ ಸೋರಿಕೆ ತಗ್ಗುತ್ತದೆ, ಮೆಂಬ್ರೇನೂ ತೇವವಾಗಿರುತ್ತದೆ.

ಇನ್ನೊಂದು ಎಚ್ಚರ: ಆನೋಡ್‌ಗೆ ಅನಿಲ ಸಾಲದೆ ಹೋದರೆ ವೋಲ್ಟೇಜ್ ಜಿಗಿದು ಕಾರ್ಬನ್ ಭಾಗಗಳೇ ಸವೆಯತೊಡಗುತ್ತವೆ. ವೋಲ್ಟೇಜ್ ಮಿತಿ ಮೀರಿದರೆ ತಾನಾಗಿ ಕರೆಂಟ್ ಕಡಿಯುವ ಏರ್ಪಾಡು ಇರಲೇಬೇಕು.

ಆಮ್ಲವನ್ನು ಏನು ಮಾಡುವುದು? 1970ರ ದಶಕದ ವೆಸ್ಟಿಂಗ್‌ಹೌಸ್ ವಿಧಾನದಲ್ಲಿ ಅದನ್ನು 850 ಡಿಗ್ರಿ ಆಸುಪಾಸಿನಲ್ಲಿ ಒಡೆದು ಸಲ್ಫರ್ ಡೈಆಕ್ಸೈಡನ್ನು ಮರಳಿ ಪಡೆಯಬೇಕು. ಅಷ್ಟು ಶಾಖಕ್ಕೆ ವಿಶೇಷ ಅಣು ರಿಯಾಕ್ಟರ್ ಅಥವಾ ಕನ್ನಡಿಗಳಿಂದ ಬಿಸಿಲು ಕೇಂದ್ರೀಕರಿಸುವ ಸೌರಗೋಪುರವೇ ಬೇಕು. ನನ್ನ ಒಲವು ಮರಳಿ ಒಡೆಯದೆ ಆಮ್ಲವನ್ನೇ ಬಳಸುವ ದಾರಿಯತ್ತ. 16 ಕಿಲೋ ಗಂಧಕ ಸುಟ್ಟು ಆ ಅನಿಲವನ್ನು ಸೆಲ್‌ಗೆ ಕೊಟ್ಟರೆ 1 ಕಿಲೋ ಹೈಡ್ರೋಜನ್, ಜತೆಗೆ 49 ಕಿಲೋ ಆಮ್ಲ. ಎರಡೂ ಬೇಕಾದ ಜಾಗ ಡಿಎಪಿ (ಅಮೋನಿಯಾ ಮತ್ತು ಫಾಸ್ಫಾರಿಕ್ ಆಮ್ಲದಿಂದಾಗುವ) ಗೊಬ್ಬರದ ಕಾರ್ಖಾನೆ. ಒಂದು ಟನ್ ಡಿಎಪಿಗೆ ಬೇಕಾದ ಫಾಸ್ಫಾರಿಕ್ ಆಮ್ಲಕ್ಕೆ ಸುಮಾರು 1.3 ಟನ್ ಸಲ್ಫ್ಯೂರಿಕ್ ಆಮ್ಲ ಖರ್ಚಾಗುತ್ತದೆ. ಅದನ್ನು ಈ ಸೆಲ್‌ನಲ್ಲೇ ಮಾಡಿದರೆ 26 ಕಿಲೋ ಹೈಡ್ರೋಜನ್ ಸಿಗುತ್ತದೆ. ಅದೇ ಟನ್ ಡಿಎಪಿಯ ಅಮೋನಿಯಾಕ್ಕೆ ಬೇಕಾಗುವ ಹೈಡ್ರೋಜನ್ 39 ಕಿಲೋ. ಮೂರರಲ್ಲಿ ಎರಡು ಪಾಲು ಅಲ್ಲೇ ಸಿಕ್ಕಂತಾಯಿತು. ಗಂಧಕ ಸಿಗುವ ರಿಫೈನರಿಯೂ ಫಾಸ್ಫೇಟ್ ಗೊಬ್ಬರದ ಕಾರ್ಖಾನೆಯೂ ಇರುವ ಒಡಿಶಾದ ಪಾರಾದೀಪಿನಂಥ ಕಡೆ ಇದನ್ನು ಮೊದಲು ಪರೀಕ್ಷಿಸಬೇಕು. ಆದರೆ ಆ ಕಾರ್ಖಾನೆಗಳಿಗೆ ಒಗ್ಗಿರುವುದು 98% ಆಮ್ಲ. ಸೆಲ್‌ನ 50%ದ್ದು ಕೊಟ್ಟರೆ ಅದರ ಜತೆಗೇ ನೀರು ಬಂದು, ಫಾಸ್ಫಾರಿಕ್ ಆಮ್ಲ ಮಾಡುವಾಗ ಉಳಿಯುವ ಜಿಪ್ಸಂ ತೊಳೆಯುವ ನೀರಿಗೆ ಜಾಗವೇ ಉಳಿಯುವುದಿಲ್ಲ. ಮೊದಲು ಬಗೆಹರಿಸಬೇಕಾದದ್ದು ಆ ನೀರಿನ ಲೆಕ್ಕ.