ರಾಕೆಟ್ ಕೌಂಟ್‌ಡೌನ್ ಬಂದಿದ್ದು ಮೂಕಿ ಚಿತ್ರದಿಂದ
ಮೂಕಿ ಕಾಲದ ಸೈನ್ಸ್ ಫಿಕ್ಷನ್‌ನಲ್ಲಿ ಇದ್ದಿದ್ದು ಬರೀ ಕ್ಯಾಮೆರಾ ಚಮತ್ಕಾರ, ವಿಜ್ಞಾನ ಇರಲಿಲ್ಲ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 1902ರಲ್ಲಿ ಫ್ರೆಂಚ್ ನಿರ್ದೇಶಕ ಮೆಲಿಯೆಸ್ ಚಂದ್ರನ ಕಣ್ಣಿಗೆ ಗುಂಡು ನೆಟ್ಟ ಚಿತ್ರಕ್ಕೆ ಈ ಮಾತು ಸರಿ. ಆದರೆ 1929ರಲ್ಲಿ ಜರ್ಮನಿಯಲ್ಲಿ ಫ್ರಿಟ್ಜ್ ಲಾಂಗ್ ಮಾಡಿದ, ಚಂದ್ರಯಾತ್ರೆಯ ಕಥೆಯ ಮೂಕಿ ಚಿತ್ರ 'ಫ್ರೌ ಇಮ್ ಮೋಂಡ್' (ಚಂದ್ರನಲ್ಲಿ ಮಹಿಳೆ) ನೋಡಿ. ರಾಕೆಟ್ ತಜ್ಞ ಹರ್ಮನ್ ಓಬರ್ಟ್ ಅದಕ್ಕೆ ಸಲಹೆಗಾರರಾಗಿದ್ದರು. ಹಂತ ಹಂತವಾಗಿ ಕಳಚಿಕೊಳ್ಳುವ ರಾಕೆಟ್ ಅದರಲ್ಲಿದೆ. ತೂಕವಿಲ್ಲದ ಕಡೆ ಕಾಲು ಸಿಕ್ಕಿಸಿ ನಿಲ್ಲಲು ನೆಲದ ತುಂಬಾ ಪಟ್ಟಿಗಳಿವೆ!

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಅದರ ಉಡಾವಣೆ. ಮಾತಿಲ್ಲದ ಚಿತ್ರ, ಅಲ್ವಾ? ಹಾಗಾಗಿ ಉಳಿದ ಸೆಕೆಂಡುಗಳನ್ನು ತೆರೆಯ ಮೇಲೆ ಅಕ್ಷರದಲ್ಲಿ ತೋರಿಸುತ್ತಾರೆ. ಐದು, ನಾಲ್ಕು, ಮೂರು ಅಂತ ಇಳಿದು, ಕೊನೆಗೆ 'ಈಗ!' ಎಂಬ ಒಂದೇ ಪದ. ಸದ್ದೇ ಇಲ್ಲದೆ ಎದೆ ಡವಡವ ಎನ್ನುತ್ತದೆ. 2023ರ ಜುಲೈನಲ್ಲಿ ಚಂದ್ರಯಾನ-3 ಹೊರಟಾಗ ಟಿವಿ ಮುಂದೆ ಕೂತು ನಾವೆಲ್ಲ ಎಣಿಸಿದ್ದೂ ಹೀಗೆಯೇ.

ಹೌದು, ಆ ಚಿತ್ರದ ಚಂದ್ರನ ಮೇಲೆ ಉಸಿರಾಡಲು ಗಾಳಿ ಇದೆ, ಅದು ತಪ್ಪೇ. ಆದರೆ ಮೊದಲ ಗಗನಯಾತ್ರಿ ಗಗಾರಿನ್ ಹಾರುವುದಕ್ಕೆ 32 ವರ್ಷ ಮೊದಲೇ ಇಷ್ಟೆಲ್ಲ ಯೋಚಿಸಿದವರ ಕೆಲಸವನ್ನು ಸುಮ್ನೆ ಚಮತ್ಕಾರ ಎಂದು ತಳ್ಳಿಹಾಕಬೇಡಿ.